ತೊಟ್ಟಿಲು ಎಣಿಸುವವರು ಗುಂಡಿಯನ್ನೂ ಎಣಿಸಲಿ



"ಈ ಕೂಲಿ ಜನ ಒಂದರ ಮೇಲೊಂದು ಹೆರ್ತಾರೆ, ಅದಕ್ಕೇ ದೇಶ ಉದ್ಧಾರ ಆಗಿಲ್ಲ." ದೊಡ್ಡನೆಕ್ಕುಂದಿಯ ಕಂಪನಿ ಬಸ್ಸುಗಳಲ್ಲಿ, ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ, ಕಡೆಗೆ ನಮ್ಮ ಕಾಲೇಜುಗಳಲ್ಲೂ ಈ ಮಾತು ಕೇಳ್ತೇವೆ. ಕಟ್ಟಡ ಎಬ್ಬಿಸಿದವರು ತಗಡಿನ ಶೆಡ್ಡಿನಲ್ಲಿ. ಕಟ್ಟಡದೊಳಗೆ ಕೂತವರು ಅವರ ಮಕ್ಕಳನ್ನ ಎಣಿಸ್ತಾರೆ. ಎಣಿಸಲಿ. ಈ ಲೆಕ್ಕ ನಾವೂ ಹಾಕೋಣ, ಪೂರ್ತಿ ಹಾಕೋಣ.

ಅರ್ಥಶಾಸ್ತ್ರ ಓದುವವರಿಗೆ ಜನಸಂಖ್ಯಾ ಪರಿವರ್ತನಾ ಸಿದ್ಧಾಂತ ಅಂತ ಒಂದು ಪಾಠ ಇದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುವ ಪಾಠ. ಅದು ಹೇಳೋದು ಇಷ್ಟೆ: ಮೊದಲು ಹುಟ್ಟೂ ಹೆಚ್ಚು, ಸಾವೂ ಹೆಚ್ಚು. ಅನ್ನ, ಶುದ್ಧ ನೀರು, ಔಷಧ ಸಿಕ್ಕ ಮೇಲೆ ಸಾವು ಇಳಿಯುತ್ತೆ. ಹುಟ್ಟು ಕೂಡಲೇ ಇಳಿಯೋದಿಲ್ಲ. ಆ ನಡುವಿನ ಕಾಲದಲ್ಲೇ ಜನ ಹೆಚ್ಚೋದು. ಕೊನೆಗೆ ಹುಟ್ಟೂ ಇಳಿಯುತ್ತೆ. ಹತ್ತೊಂಬತ್ತನೇ ಶತಮಾನದ ಯುರೋಪೂ ಹೀಗೇ ಉಕ್ಕಿತು. ಅಲ್ಲಿಯ ಬಡವರು ಲಕ್ಷ ಲಕ್ಷ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು.

ಹುಟ್ಟು ಯಾಕೆ ತಡವಾಗಿ ಇಳಿಯುತ್ತೆ? ನಮ್ಮ ಅಜ್ಜಿಯಂದಿರಿಗೆ ಮಕ್ಕಳೆಷ್ಟು ಅಂದರೆ ಎರಡು ಲೆಕ್ಕ ಹೇಳ್ತಾರೆ: ಹೆತ್ತದ್ದು ಇಷ್ಟು, ಉಳಿದದ್ದು ಇಷ್ಟು. ಯಾವ ಕೂಸು ಉಳಿಯುತ್ತೋ ತಿಳಿಯದ ತಾಯಿ ಎರಡಕ್ಕೇ ನಿಲ್ಲಿಸೋದು ಹೇಗೆ? ಜಮೀನಿಲ್ಲ, ಪಿಂಚಣಿಯಿಲ್ಲ, ಮುಪ್ಪಿಗೆ ಮಕ್ಕಳೇ ಗತಿ. ಎಂಟು ವರ್ಷದ ಹುಡುಗ ಜೀತಕ್ಕಿದ್ದರೆ ಮನೆಗೆ ದುಡಿಮೆ. ಅದೇ ಹುಡುಗ ಶಾಲೆಗೆ ಹೋದರೆ ಖರ್ಚು. ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ, ಪ್ಯಾಟ್ ಕಾಲ್ಡ್‌ವೆಲ್ ನಮ್ಮದೇ ಕರ್ನಾಟಕದ ಹಳ್ಳಿಗಳಲ್ಲಿ ಅಧ್ಯಯನ ಮಾಡಿ 1982ರಲ್ಲಿ ಬರೆದದ್ದರಲ್ಲೂ ಶಾಲೆಯೇ ಮುಖ್ಯ. ಶಾಲೆ ಬಂದ ಮೇಲೆ ಮಕ್ಕಳ ಲೆಕ್ಕ ಮನೆಯೊಳಗೇ ಬದಲಾಯಿತು.

ಬರೀ ಕ್ಲಿನಿಕ್ಕಿನಿಂದ ಇದು ಆಗಲಿಲ್ಲ. 1930ರಲ್ಲೇ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣ ಕ್ಲಿನಿಕ್ಕಿಗೆ ಆಜ್ಞೆ ಹೊರಡಿಸಿತ್ತು. 1938ರಲ್ಲಿ ಬಾಬಾಸಾಹೇಬರ ಪಕ್ಷದ ಪಿ.ಜೆ. ರೋಹಂ ಮುಂಬಯಿ ಶಾಸನಸಭೆಯಲ್ಲಿ ಜನನ ನಿಯಂತ್ರಣದ ನಿರ್ಣಯ ಮಂಡಿಸಿದರು. ಸಭೆ ಅದನ್ನ ಸೋಲಿಸಿತು. ಹೆಣ್ಣಿಗೆ ಬೇಡವಾದ ಬಸಿರು ಬೇಡ ಅನ್ನುವ ಹಕ್ಕು ನಮ್ಮ ಚಳವಳಿಗೆ ಹೊಸದಲ್ಲ. ಹಕ್ಕು ಬೇರೆ, ಬಲವಂತ ಬೇರೆ. 1974ರಲ್ಲಿ ಬುಕಾರೆಸ್ಟಿನ ವಿಶ್ವ ಸಮ್ಮೇಳನದಲ್ಲಿ ನಮ್ಮ ಆರೋಗ್ಯ ಮಂತ್ರಿ ಕರಣ್ ಸಿಂಗ್, ಅಭಿವೃದ್ಧಿಯೇ ಎಲ್ಲಕ್ಕಿಂತ ಒಳ್ಳೆಯ ಸಂತಾನ ನಿಯಂತ್ರಣ ಅಂತ ಸಾರಿ ಬಂದರು. ಎರಡೇ ವರ್ಷ. ತುರ್ತು ಪರಿಸ್ಥಿತಿಯ 1976-77ರಲ್ಲಿ ಅದೇ ಸರ್ಕಾರ 80 ಲಕ್ಷಕ್ಕೂ ಹೆಚ್ಚು ಜನರಿಗೆ ಆಪರೇಷನ್ ಮಾಡಿಸಿತು. ಟಾರ್ಗೆಟ್ ತುಂಬಿಸಲು ಹಿಡಿದು ತಂದದ್ದು ಯಾರನ್ನ? ಬಂಗಲೆಯವರನ್ನಲ್ಲ.

ಈಗಿನ ಲೆಕ್ಕ ನೋಡಿ. ಜನಸಂಖ್ಯೆ ಇದ್ದಷ್ಟೇ ಉಳಿಯಲು ಒಬ್ಬ ಹೆಣ್ಣಿಗೆ ಸರಾಸರಿ 2.1 ಮಕ್ಕಳು ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ್ದು 1.7. ದೇಶದ ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳದ್ದು ಸುಮಾರು 2.1, ಮೇಲಿನವರದ್ದು 1.9. ಎಲ್ಲಿದೆ ಸ್ವಾಮಿ, ನೀವು ಹೇಳುವ ಒಂದರ ಮೇಲೊಂದು?

ಈ ಇಳಿತದ ಭಾರ ಹೊತ್ತವರು ಯಾರು? ಅದೇ ಸಮೀಕ್ಷೆಯಂತೆ ಕರ್ನಾಟಕದ ಮದುವೆಯಾದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರು? ಲೆಕ್ಕಕ್ಕೇ ಸಿಗೋದಿಲ್ಲ. ಹಾಸ್ಟೆಲಿನ ಗಂಡು ಹುಡುಗರೇ, ಇದು ನಮ್ಮ ಕೇರಿಯ ಮಾತೂ ಹೌದು.

ಇನ್ನು ಗುಂಡಿಯ ಲೆಕ್ಕ. 2015-16ರ ಸಮೀಕ್ಷೆಯಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ಸತ್ತವು: ಪರಿಶಿಷ್ಟ ಜಾತಿಯಲ್ಲಿ 45, ಮೇಲಿನವರಲ್ಲಿ 32. ಹುಟ್ಟಿನಲ್ಲಿ ಅವರಿಗೂ ನಮಗೂ ಅಂತರ ಹೆಚ್ಚುಕಡಿಮೆ ಮುಚ್ಚಿತು. ಸಾವಿನಲ್ಲಿ ಮುಚ್ಚಲಿಲ್ಲ. ನಾವು ಅರ್ಧ ದಾರಿ ನಡೆದು ಬಂದೆವು. ಮಿಕ್ಕರ್ಧ ನಡೆಯಬೇಕಾದ್ದು ಸರ್ಕಾರ, ಸಮಾಜ.

ಆದ್ದರಿಂದ ಭಾಷಣ ಬೇಡ. ಶೆಡ್ಡಿಗೆ ಕುಡಿಯುವ ನೀರು ಬೇಕು. ಕೂಲಿ ಮಾಡುವ ತಾಯಿಯ ಕೂಸಿಗೆ ಅಂಗನವಾಡಿ ಬೇಕು. ಬಸುರಿಗೆ ಅನ್ನ, ಬಾಣಂತಿಗೆ ರಜೆ ಬೇಕು. ಹೆಣ್ಣುಮಕ್ಕಳಿಗೆ ಇನ್ನಷ್ಟು ಹಾಸ್ಟೆಲ್ ಬೇಕು. ಓದಿದ ಹುಡುಗಿ ಎಷ್ಟು ಹೆರಬೇಕು, ಯಾವಾಗ ಹೆರಬೇಕು ಅಂತ ತಾನೇ ತೀರ್ಮಾನಿಸ್ತಾಳೆ. ಅದನ್ನ ಯಾವ ಮಂತ್ರಿಯೂ ಕಲಿಸಬೇಕಾಗಿಲ್ಲ.