ಮೂಲೆ ಸೇರಿದ ಒಲೆ



ತಾಳವಾಡಿ ಸೀಮೆಯ ಹಳ್ಳಿಯೊಂದಕ್ಕೆ ಮನೆ ಭೇಟಿಗೆಂದು ಹೋಗಿದ್ದೆವು. ಅಲ್ಲಿ ಮನೆಮಾತು ಕನ್ನಡ, ರೇಷನ್ ಕಾರ್ಡಿನ ಭಾಷೆ ತಮಿಳು, ಹೊಲದಾಚೆ ಸತ್ಯಮಂಗಲದ ಕಾಡು. ಅಜ್ಜಿಯೊಬ್ಬರು ನಮಗೆ ಕಾಫಿ ಕಾಯಿಸಲು ಒಲೆಯ ಮುಂದೆ ಕೂತರು. ಸೌದೆ ಹಸಿ. ಊದುಗೊಳವೆಯಲ್ಲಿ ಊದಿ ಊದಿ ಅವರ ಕಣ್ಣಲ್ಲಿ ನೀರು ಬಂತು. ನಮ್ಮ ಕಣ್ಣೂ ಉರಿಯಿತು. ಆಗ ನಮಗೆ ಕಂಡದ್ದು, ಗೋಡೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಎರಡು ಬರ್ನರಿನ ಗ್ಯಾಸ್ ಒಲೆ.

"ಅವ್ವ, ಗ್ಯಾಸ್ ಒಲೆ ಅಲ್ಲಿದೆಯಲ್ಲ?" ಎಂದೆವು.

"ಅದು ಕೆಟ್ಟು ಎರಡು ವರ್ಷ ಆಯ್ತು ಸ್ವಾಮಿ. ಒಂದು ಕಡೆ ಹತ್ತಕಿಲ್ಲ. ಇನ್ನೊಂದು ಕಡೆ ಹತ್ತಿಸಿದ್ರೆ ಪಾತ್ರೆಯೆಲ್ಲ ಮಸಿ. ಹೊಸದು ತರಕ್ಕೆ ದುಡ್ಡೆಲ್ಲದೆ? ನಮ್ಮ ಸೊಸೆ ಕಾಡಂಚಿಂದ ಸೌದೆ ತತ್ತಾಳೆ."

ಕಾಡಂಚು ಎಂದರೇನೆಂದು ಆ ಸೀಮೆಯವರಿಗೆ ನಾವು ಹೇಳಬೇಕಾಗಿಲ್ಲ. ಸತ್ಯಮಂಗಲದ ಕಾಡು 2008ರಲ್ಲಿ ವನ್ಯಜೀವಿಧಾಮವಾಯಿತು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಆನೆಗಳು ರಾಗಿ, ಬಾಳೆ, ಕಬ್ಬಿಗೆ ಹೊಲದವರೆಗೂ ಬರುತ್ತವೆ. ಮುಂಜಾನೆ ಸೌದೆಗೆ ಹೋದ ಹೆಣ್ಣುಮಗಳು ತಿರುಗಿ ಬರುವತನಕ ಮನೆಯವರ ಜೀವ ಕೈಯಲ್ಲಿ. ಇತ್ತ ಮನೆಯೊಳಗೆ ಹೊಗೆ. ಅಡಿಗೆಮನೆಯ ಹೊಗೆಯಂಥ ಮನೆಯೊಳಗಿನ ಕೆಟ್ಟ ಗಾಳಿಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ತಮಿಳುನಾಡು ಸರ್ಕಾರ 2007ರಲ್ಲಿ ಬಡ ಮನೆಗಳಿಗೆ ಗ್ಯಾಸ್ ಸಂಪರ್ಕವನ್ನೂ ಒಲೆಯನ್ನೂ ಉಚಿತವಾಗಿ ಕೊಡತೊಡಗಿತು. 2016ರಲ್ಲಿ ಕೇಂದ್ರದ ಉಜ್ವಲ ಯೋಜನೆ ಬಂತು. ಅಜ್ಜಿಯ ಒಲೆ ಆ ಮೊದಲ ಕಾಲದ್ದು. ಒಲೆ ಬಂದಾಗ ಎಲ್ಲರೂ ಸಂತೋಷಪಟ್ಟರು. ಆದರೆ ಕೆಟ್ಟರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಲಿಲ್ಲ. ಹಾಗಾಗಿ ಅದು ಮೂಲೆ ಸೇರಿತು, ಸೊಸೆ ಮತ್ತೆ ಕಾಡಂಚು ಸೇರಿದಳು.

ಒಲೆಯ ಬಿಡಿಭಾಗಗಳು ಸಿಗುವುದು ಪೇಟೆಯಲ್ಲಿ. ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಚಾಮರಾಜನಗರವೇ ಹತ್ತಿರ. ಅಲ್ಲಿಂದ ಒಲೆ ರಿಪೇರಿ ಮಾಡುವ ಯುವಕರೊಬ್ಬರನ್ನು ಕರೆತಂದೆವು. ಅವರು ಒಲೆಯನ್ನು ಅಂಗಳದಲ್ಲಿ ಬಿಚ್ಚಿ, ನಮಗೆ ಪಾಠವನ್ನೇ ಮಾಡಿದರು.

ಗ್ಯಾಸ್ ನಾಬಿನ ಕೆಳಗಿನ ಕಾಕ್ ದಾಟಿ, ಜೆಟ್ ಎಂಬ ಚಿಕ್ಕ ಹಿತ್ತಾಳೆಯ ತುಣುಕಿನ ಸೂಜಿಮೊನೆಯಷ್ಟು ತೂತಿನಿಂದ ರಭಸವಾಗಿ ಚಿಮ್ಮುತ್ತದೆ. ಚಿಮ್ಮುವಾಗ ಸುತ್ತಲಿನ ಗಾಳಿಯನ್ನು ತನ್ನ ಜೊತೆ ಎಳೆದುಕೊಳ್ಳುತ್ತದೆ. ಎರಡೂ ಬರ್ನರಿನ ಕೊಳವೆಯಲ್ಲಿ ಹದವಾಗಿ ಬೆರೆತರೆ ಉರಿ ನೀಲಿ. ಗಾಳಿ ಕಡಿಮೆಯಾದರೆ ಉರಿ ಹಳದಿ, ಪಾತ್ರೆಗೆ ಮಸಿ, ಗ್ಯಾಸೂ ದಂಡ.

ಅಜ್ಜಿಯ ಒಲೆಗೆ ಬಂದಿದ್ದ ಕಾಯಿಲೆ ದೊಡ್ಡದೇನಲ್ಲ. ಹತ್ತದ ಕಡೆಯ ಜೆಟ್ ಕೊಳೆಯಿಂದ ಮುಚ್ಚಿತ್ತು, ಕಾಕಿನೊಳಗಿನ ಗ್ರೀಸ್ ಒಣಗಿ ನಾಬು ಬಿಗಿದಿತ್ತು. ಮಸಿ ಹಿಡಿಯುವ ಕಡೆ, ಉರಿ ಜೋರಾಗಲೆಂದು ಮನೆಯವರೇ ಯಾರೋ ದಬ್ಬಳದಿಂದ ಜೆಟ್ ಚುಚ್ಚಿದ್ದರು. ಮೆತ್ತನೆಯ ಹಿತ್ತಾಳೆ, ತೂತು ದೊಡ್ಡದಾಗಿತ್ತು. ಗ್ಯಾಸ್ ಹೆಚ್ಚು ಬಂತು, ಗಾಳಿ ಸಾಲದೇ ಹೋಯಿತು. ಬರ್ನರಿನ ಕಣ್ಣುಗಳಲ್ಲಿ ಮುದ್ದೆಯ ಎಸರು ಉಕ್ಕಿ ಗಟ್ಟಿಯಾಗಿತ್ತು, ಕೊಳವೆಯೊಳಗೆ ಜೇಡ ಬಲೆ ಕಟ್ಟಿತ್ತು.

ಕೊಳವೆಯನ್ನು ಬ್ರಷ್ಷಿನಿಂದ ಗುಡಿಸಿ, ಬರ್ನರನ್ನು ಸೋಪಿನ ಬಿಸಿನೀರಿನಲ್ಲಿ ನೆನೆಸಿ ಉಜ್ಜಿ, ಬೋರಲು ಹಾಕಿ ಬಿಸಿಲಿನಲ್ಲಿ ಒಣಗಿಸಿದರು. ಎರಡು ಜೆಟ್ಟು, ಒಂದು ಕಾಕು, ಒಂದು ಟ್ಯೂಬು ಹೊಸದಾಗಿ ಬಂದವು. ಖರ್ಚು ಹೊಸ ಒಲೆಯ ಬೆಲೆಯ ಕಾಲು ಭಾಗವೂ ಆಗಲಿಲ್ಲ.

ಇಲ್ಲಿ ನಾವು ಕಲಿತದ್ದನ್ನು ನಿಮಗೂ ಹೇಳಬೇಕು. ಹಳೆಯದನ್ನು ಉಳಿಸಿಕೊಳ್ಳುವುದು ಒಳ್ಳೆಯದೇ, ಆದರೆ ಎಲ್ಲವನ್ನೂ ಅಲ್ಲ. ಒಲೆಯ ಮೈ, ಕಾಲು, ಪಾತ್ರೆ ಕೂರುವ ಕಂಬಿ ಇವು ಗಟ್ಟಿಯಾಗಿದ್ದರೆ ವರ್ಷಗಟ್ಟಲೆ ಬರುತ್ತವೆ. ಬರ್ನರನ್ನು ನಾವೇ ತೊಳೆಯಬಹುದು. ಜೆಟ್ಟನ್ನು ಚುಚ್ಚಬಾರದು, ಬದಲಿಸಬೇಕು. ಕಾಕನ್ನು ಬಲ್ಲವರೇ ಬಿಚ್ಚಬೇಕು. ರೆಗ್ಯುಲೇಟರನ್ನಂತೂ ಯಾರೂ ಬಿಚ್ಚಬಾರದು. ಕೆಟ್ಟರೆ ಗ್ಯಾಸ್ ಏಜೆನ್ಸಿಯಲ್ಲೇ ಬದಲಿಸಿಕೊಳ್ಳಬೇಕು. ಐಎಸ್‌ಐ ಗುರುತಿನ ಸುರಕ್ಷಾ ಟ್ಯೂಬನ್ನು ನೋಡಲು ಚೆನ್ನಾಗಿದ್ದರೂ 5 ವರ್ಷಕ್ಕೊಮ್ಮೆ ಬದಲಿಸಬೇಕು. ಅದಕ್ಕೆ ತೇಪೆ ಹಾಕುವುದು, ತುಂಡು ಸೇರಿಸುವುದು, ಬಟ್ಟೆ ಸುತ್ತುವುದು ಕೂಡದು.

ಕೆಲಸ ಮುಗಿದ ಮೇಲೆ ಆ ಯುವಕರು ಬೆಂಕಿಕಡ್ಡಿ ಗೀರಲಿಲ್ಲ. ಸೋಪಿನ ನೊರೆಯನ್ನು ಟ್ಯೂಬಿನ ಎರಡು ತುದಿಗೂ ಕಾಕಿನ ಬುಡಕ್ಕೂ ಸವರಿ, ಗುಳ್ಳೆ ಏಳುತ್ತದೆಯೇ ಎಂದು ನೋಡಿದರು. ಏಳಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿ, "ಫಾದರ್, ತಮ್ಮ ಮನೆ ಟ್ಯೂಬು ಯಾವ ವರ್ಷದ್ದು?" ಎಂದು ಕೇಳಿದರು.

ನಮಗೆ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ಗುರುನಿವಾಸದ ಅಡಿಗೆಮನೆಗೆ ಹೋಗಿ ಟಾರ್ಚ್ ಹಿಡಿದು ನೋಡಿದೆವು. ಟ್ಯೂಬಿನ ಮೇಲೆ ಅಚ್ಚಾಗಿದ್ದ ವರ್ಷ ಲೆಕ್ಕ ಹಾಕಿದರೆ ಅದಕ್ಕೆ ಒಂಬತ್ತು ತುಂಬಿತ್ತು. ಒಂದು ಕಡೆ ಬಿರುಕು ಬಿಟ್ಟಿದ್ದಕ್ಕೆ ಕರೆಂಟಿನ ಕಪ್ಪು ಟೇಪು ಸುತ್ತಿತ್ತು. ಸುತ್ತಿದವರು ಬೇರೆ ಯಾರೂ ಅಲ್ಲ, ನಾವೇ. ಪೇಟೆಗೆ ಹೋದಾಗ ತರೋಣವೆಂದುಕೊಂಡು ಮರೆತಿದ್ದೆವು. ಪೇಟೆಗೆ ಎಷ್ಟು ಸಲ ಹೋಗಿ ಬಂದೆವೋ! ನಮಗೆ ಪ್ರತಿದಿನ ಊಟ ಬೇಯಿಸಿ ಹಾಕುವ ಅಮ್ಮ ಆ ಟ್ಯೂಬಿನ ಪಕ್ಕದಲ್ಲೇ ನಿಲ್ಲುತ್ತಿದ್ದರು. ರೆಗ್ಯುಲೇಟರ್ ಮುಚ್ಚಿದೆವು. ಮರುದಿನ ಹೊಸ ಟ್ಯೂಬು ಹಾಕಿಸುವತನಕ ಒಲೆ ಹಚ್ಚಲಿಲ್ಲ. ಆ ಅಮ್ಮನ ಬಳಿ ಕ್ಷಮೆಯನ್ನೂ ಕೇಳಿದೆವು.

ಗ್ಯಾಸಿಗೆ ತನ್ನದೇ ವಾಸನೆಯಿಲ್ಲ. ಸೋರಿದರೆ ನಮಗೆ ತಿಳಿಯಲೆಂದೇ ಆ ಕೆಟ್ಟ ವಾಸನೆಯನ್ನು ಬೆರೆಸಿರುತ್ತಾರೆ. ಅದು ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಲೈಟಿನ ಸ್ವಿಚ್ಚು ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬನ್ನಿ. ಆಮೇಲೆ 1906ಕ್ಕೆ ಫೋನ್ ಮಾಡಿ.

ಅಜ್ಜಿಯ ಟ್ರಂಕಿನಲ್ಲಿದ್ದ ಗ್ಯಾಸ್ ಪುಸ್ತಕವನ್ನು ಏಜೆನ್ಸಿಗೆ ಒಯ್ದು ವಿವರ ಸರಿಪಡಿಸಿದ ಮೇಲೆ ಸಿಲಿಂಡರ್ ಬಂತು. ಈಗಲೂ ಸ್ನಾನದ ನೀರಿಗೆ ಸೌದೆಯೇ, 14.2 ಕಿಲೋ ಸಿಲಿಂಡರಿನ ಬೆಲೆ ಅವರಿಗೆ ಹಗುರವಲ್ಲ. ಆದರೆ ಅದಕ್ಕೆ ಹೊಲದ ಬದುವಿನ ಕಡ್ಡಿಪುಳ್ಳೆ ಸಾಕು. ಬೆಳಗಿನ ಜಾವ ಕಾಡಂಚಿಗೆ ಹೋಗುವ ಕೆಲಸ ಸೊಸೆಗೆ ತಪ್ಪಿದೆ. ಅವಳು ಟ್ಯೂಬು ಬದಲಿಸಬೇಕಾದ ವರ್ಷವನ್ನು ಒಲೆಯ ಹಿಂದಿನ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದಿಟ್ಟಿದ್ದಾಳೆ. ನಾವೂ ಅವಳನ್ನು ನೋಡಿ ನಮ್ಮ ಗೋಡೆಯ ಮೇಲೆ ಬರೆದುಕೊಂಡಿದ್ದೇವೆ.

ಬಂಧುಗಳೇ, ಇವತ್ತು ರಾತ್ರಿ ಊಟವಾದ ಮೇಲೆ ಪಾತ್ರೆ ತೊಳೆಯುವುದನ್ನು ಅಮ್ಮನಿಗೊಬ್ಬರಿಗೇ ಬಿಟ್ಟು ಏಳಬೇಡಿ. ಎಲ್ಲರೂ ಅಡಿಗೆಮನೆಗೆ ಹೋಗಿ, ಟ್ಯೂಬಿನ ಮೇಲಿನ ವರ್ಷ ಓದಿ. ಪಕ್ಕದ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದರೆ ಅವರದನ್ನೂ ಓದಿ ಬನ್ನಿ. ಮುಂದಿನ ತಿಂಗಳು ಮತ್ತೆ ಸೇರೋಣ.