ಸೇವೆಯನ್ನು ಗಾಳವೆಂದವರಿಗೆ

ಕ್ರೈಸ್ತ ಸಂಸ್ಥೆಗಳ ಸೇವೆಯೆಲ್ಲ ಮತಾಂತರದ ಗಾಳ ಎಂಬ ಲೇಖನವನ್ನು ಒಪ್ಪಲಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳೆಯ ಮನೆಗಳ ಅಟ್ಟ ಹತ್ತಿ ನೋಡಿ: ತಲೆಯ ಮೇಲೆ ಮಂಗಳೂರು ಹೆಂಚು. 1865ರಲ್ಲಿ ಆ ಉದ್ಯಮ ಶುರುಮಾಡಿದ್ದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ. ಮತಾಂತರಗೊಂಡು ಜಾತಿಯಿಂದ ಹೊರಬಿದ್ದವರಿಗೆ ಅಲ್ಲಿ ದುಡಿಮೆ ಸಿಕ್ಕಿತು. ಸೂರು ಎಲ್ಲ ಜಾತಿಗೂ ಸಿಕ್ಕಿತು. ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ತಂದರು, 1894ರಲ್ಲಿ ಅದೇ ಮಿಷನ್ನಿನ ಕಿಟ್ಟೆಲ್ ಅವರ ಕನ್ನಡ ನಿಘಂಟು ಬಂತು. ಅದನ್ನು ತೆರೆಯಲು ಯಾರೂ ದೀಕ್ಷಾಸ್ನಾನ ಪಡೆಯಬೇಕಿರಲಿಲ್ಲ. ಮತಪ್ರಚಾರಕ್ಕೇ ಅವರು ಬಂದದ್ದು, ನಿಜ. ಅದನ್ನವರು ಮುಚ್ಚಿಡಲೂ ಇಲ್ಲ.

ಕೇಡೂ ಆಗಿದೆ. 1560ರಲ್ಲಿ ಗೋವಾದಲ್ಲಿ ಶುರುವಾದ, ಚರ್ಚಿನ ಧರ್ಮವಿಚಾರಣೆಯಾದ ಇನ್‌ಕ್ವಿಸಿಷನ್ ಅನೇಕ ಕೊಂಕಣಿಗರನ್ನು ಊರು ಬಿಡಿಸಿತು. ಜಾತಿ ಚರ್ಚಿನೊಳಗೂ ಉಳಿಯಿತು, ದಲಿತ ಕ್ರೈಸ್ತರು ಇಂದಿಗೂ ಅದನ್ನು ಉಣ್ಣುತ್ತಿದ್ದಾರೆ. ಇದನ್ನು ಖಂಡಿಸಿ, ನಾನೂ ದನಿಗೂಡಿಸುತ್ತೇನೆ. ಆದರೆ ಆ ಪಾಪದ ಲೆಕ್ಕವನ್ನು ಮಲೆನಾಡಿನ ನಿಮ್ಮ ನೆರೆಮನೆಯ ಕ್ರೈಸ್ತರ ತಲೆಗೆ ಕಟ್ಟಬೇಡಿ.