ಕಬ್ಬಿನ ಎಲೆಯ ಅಪ್ಸರೆ

ಗ್ರೀಕರ ನುಡಿಯಲ್ಲಿ ‘ನಿಂಫ್’ ಎಂಬುದರ ಮೂಲಾರ್ಥ ಮದುವಣಗಿತ್ತಿ. ಊಟೆ, ಹೊಳೆ, ಮರ, ಬೆಟ್ಟಗಳಲ್ಲಿ ವಾಸಿಸುವ ಚೆಲುವೆಯರಾದ ಕಿರುದೇವತೆಗಳಿಗೂ ಅವರಲ್ಲಿ ಅದೇ ಹೆಸರು. ಯುರೋಪಿನ ಕೀಟಶಾಸ್ತ್ರಜ್ಞರು ಈ ಹೆಸರನ್ನು ತೆಗೆದುಕೊಂಡು, ಇನ್ನೂ ರೆಕ್ಕೆ ಬಲಿಯದ ಎಳೆಯ ಕೀಟಕ್ಕೆ ಇಟ್ಟರು. ಅದೇ ಶಬ್ದವು ನಮ್ಮ ಕೃಷಿ ಕೈಪಿಡಿಗಳಿಗೆ ‘ಅಪ್ಸರೆ’ ಎಂದು ಭಾಷಾಂತರಗೊಂಡು ಬಂದಿದೆ. ಅಪ್ಸರೆಗಳು ಎಲೆಯ ರಸವನ್ನು ಹೀರುತ್ತವೆ ಎಂಬ ಬಗೆಯ ವಾಕ್ಯಗಳನ್ನು ಕನ್ನಡದ ರೈತನು ಓದಬೇಕಾಗಿದೆ. ಇದು ನಕ್ಕು ಬಿಡುವ ಮಾತಾಗಿದ್ದರೆ ನಾವು ಲೇಖನಿಯನ್ನು ಎತ್ತುತ್ತಿರಲಿಲ್ಲ.

ಬೆಳಗಾವಿ ಜಿಲ್ಲೆಯ ಕೌಜಲಗಿಯ ರೈತನನ್ನೇ ತೆಗೆದುಕೊಳ್ಳೋಣ. ದೇವಲೋಕವು ಅವನಿಗೆ ಹೊಸದಲ್ಲ. ನೆರೆಯ ಕುಲಗೋಡದ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವು ಆ ಸೀಮೆಯ ಸ್ವಂತ ಆಟ. ಕೌಜಲಗಿ ನಿಂಗಮ್ಮನವರು ಆ ಆಟದಿಂದಲೇ ತಮ್ಮ ಊರಿನ ಹೆಸರನ್ನು ನಾಡಿನಲ್ಲಿ ಪಸರಿಸಿದವರು. ಇಂದ್ರನ ಲೋಕದ ಒಂದು ಹೂವಿಗಾಗಿ ಸತ್ಯಭಾಮೆ ಮುನಿದ ಕಥೆಯನ್ನು ಬೆಳಗಿನವರೆಗೆ ಕುಳಿತು ನೋಡಿದವನಿಗೆ ಅಪ್ಸರೆಯೆಂದರೆ ಬಾನಿನಿಂದ ಇಳಿದು ಬರುವವಳು, ತುಂಬು ಯೌವನದವಳು. ಕೀಟದ ನಿಂಫ್ ಆದರೋ ಹಾರಲಾರದ, ಪ್ರಾಯಕ್ಕೆ ಬಾರದ ಮರಿ! ಎರಡು ಗುಣಗಳಲ್ಲಿಯೂ ಹೆಸರು ತಲೆಕೆಳಗಾಯಿತು.

ಚಿಟ್ಟೆಯ ಬಾಳು ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಎಂಬ ನಾಲ್ಕು ಅವಸ್ಥೆಗಳಲ್ಲಿ ಸಾಗುವುದನ್ನು ವಾಚಕರು ಬಲ್ಲರು. ಮಿಡತೆ, ತಿಗಣೆ, ಜಿರಳೆ, ಸಸ್ಯಹೇನುಗಳಿಗೆ ಕೋಶಾವಸ್ಥೆಯೇ ಇಲ್ಲ. ಮರಿಯು ಹುಟ್ಟಿನಿಂದಲೇ ಬಹುಮಟ್ಟಿಗೆ ತಾಯಿಯ ರೂಪದಲ್ಲಿದ್ದು, ಪೊರೆ ಕಳಚುತ್ತ ಕಳಚುತ್ತ ದೊಡ್ಡದಾಗುತ್ತದೆ. ಈ ಭೇದವು ಪರೀಕ್ಷೆಯ ಪ್ರಶ್ನೆಗೆ ಮಾತ್ರ ಸೇರಿದ್ದಲ್ಲ.

2002ರಲ್ಲಿ ಕಬ್ಬಿನ ಬಿಳಿ ಉಣ್ಣೆಹೇನು ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಹಾವಳಿಯೆಬ್ಬಿಸಿತು. ಈ ಹೇನಿನ ಹೆಣ್ಣು ಗಂಡಿನ ಸಂಪರ್ಕವಿಲ್ಲದೆಯೇ ಜೀವಂತ ಮರಿಗಳನ್ನು ಈಯುತ್ತದೆ. ಮರಿಯು ನಾಲ್ಕು ಸಲ ಪೊರೆ ಬಿಟ್ಟು ತಾನೂ ತಾಯಿಯಾಗುತ್ತದೆ. ಎಲೆಯ ಕೆಳಮೈಯಲ್ಲಿ ಗುಂಪುಗೂಡಿ ರಸ ಹೀರುವುದು, ಅಂಟುಸಿಹಿಯನ್ನು ಸುರಿಸುವುದು, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುವುದು, ಇದೇ ರೋಗಲಕ್ಷಣ. ಹುಟ್ಟಿದ ಮರಿಯ ಮೈಮೇಲೆ ಬಿಳಿಯ ಉಣ್ಣೆ ಇರುವುದಿಲ್ಲ. ಬೆಳೆದಂತೆಲ್ಲ ಮೇಣವು ಒಸರಿ ಉಣ್ಣೆಯಾಗುತ್ತದೆ. ಬಿಳುಪನ್ನೇ ಹುಡುಕುವ ಕಣ್ಣಿಗೆ ಎಳೆಮರಿಗಳು ಬೀಳುವುದು ಕಷ್ಟ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಈ ಹೇನನ್ನು ತಿಂದು ಬಾಳುವ ‘ದೀಫಾ’ ಎಂಬ ಪತಂಗವೊಂದುಂಟು. ಅದರ ಮರಿಹುಳು ಹೇನುಗಳ ನಡುವೆಯೇ ನೂಲಿನ ಬಲೆ ಹೆಣೆದುಕೊಂಡು ಅವನ್ನು ಕಬಳಿಸುತ್ತದೆ. ‘ಮೈಕ್ರೋಮಸ್’ ಎಂಬ ಇನ್ನೊಂದು ಕೀಟದ ಮರಿಹುಳುವೂ ಹೀಗೆಯೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಇಂಥ ಮಿತ್ರಕೀಟಗಳ ಬಳಕೆಗೆ ಶ್ರಮಿಸಿತು. ಹೀಗಿರುವಲ್ಲಿ ಒಂದೇ ಎಲೆಯ ಮೇಲೆ ಮರಿಹುಳು ನಮ್ಮ ಗೆಳೆಯ, ಹೇನಿನ ಮರಿ ನಮ್ಮ ವೈರಿ. ಯಾವುದು ಯಾವುದೆಂದು ತಿಳಿಯದೆ ವಿಷ ಸಿಂಪಡಿಸಿದವನು ತನ್ನ ಹೊಲದ ಕಾವಲುಗಾರನನ್ನೇ ಕೊಂದುಕೊಳ್ಳುತ್ತಾನೆ. ಇಂಥ ವಿವೇಚನೆಗೆ ಸಹಾಯ ಮಾಡಬೇಕಾದ ಪುಸ್ತಕವು ಅವನಿಗೆ ರಂಭೆ ಊರ್ವಶಿಯರನ್ನು ನೆನಪಿಸುತ್ತದೆ!

‘ಮರಿ’ ಎಂದರೆ ‘ಮರಿಹುಳು’ವಿನೊಡನೆ ಗೊಂದಲವಾಗದೆ ಎಂದು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದುದೇ. ಆದುದರಿಂದ ಕೋಶಕಟ್ಟುವ ಜಾತಿಗೆ ‘ಮರಿಹುಳು’ವನ್ನೂ ಕೋಶಕಟ್ಟದ ಜಾತಿಗೆ ‘ಮರಿಕೀಟ’ವನ್ನೂ ಮೀಸಲಿಡಬೇಕೆಂಬುದು ನಮ್ಮ ಸಲಹೆ. ಏರೋಪ್ಲೇನ್ ಚಿಟ್ಟೆಯೆಂದು ಮಕ್ಕಳು ಕರೆಯುವ ಕೀಟದ ಮರಿಯೊಂದಕ್ಕೆ ಬೇಕಾದರೆ ರಿಯಾಯಿತಿ ಕೊಡೋಣ. ಅದು ನೀರಿನಲ್ಲಿದ್ದು ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ. ‘ಅಪ್’ ಎಂದರೆ ನೀರು ತಾನೆ?

ಗಣಕಯಂತ್ರದ ಆಟಗಳಲ್ಲಿಯೂ ನಿಂಫ್ ಇದ್ದಾಳೆ. 1987ರಲ್ಲಿ ಹೊರಬಂದ ‘ನೆಟ್‌ಹ್ಯಾಕ್’ ಎಂಬ ಆಟದಲ್ಲಿ ಅವಳು ವೀರನನ್ನು ಮರುಳುಗೊಳಿಸಿ, ಅವನ ಕೈಯ ವಸ್ತುವನ್ನು ಕದ್ದು ಮಾಯವಾಗುತ್ತಾಳೆ. ವಿಶ್ವಾಮಿತ್ರನ ತಪಸ್ಸನ್ನು ಅಪಹರಿಸಿದ ಮೇನಕೆಯ ಜಾತಿಯವಳೇ ಈಕೆ. ಅಲ್ಲಿ ಅಪ್ಸರೆಯೆಂಬ ಹೆಸರು ಸೊಗಸಾಗಿ ಒಪ್ಪುತ್ತದೆ. ಆಟವಾಡುವ ಹುಡುಗರು ಧಾರಾಳವಾಗಿ ಬಳಸಲಿ.

ಕೈಪಿಡಿಗಳನ್ನು ಅಚ್ಚು ಹಾಕಿಸುವವರು ಮುಂದಿನ ಮುದ್ರಣದಲ್ಲಿ ಅಪ್ಸರೆಯನ್ನು ಬಿಡಿಸಿ ಮರಿಕೀಟವನ್ನು ಸೇರಿಸಲಿ. ಎಳೆಮರಿ, ಉಣ್ಣೆ ಹೊದ್ದ ಹೇನು, ದೀಫಾದ ಮರಿಹುಳು, ಈ ಮೂರರ ಚಿತ್ರಗಳೂ ಒಂದೇ ಪುಟದಲ್ಲಿ ಅಕ್ಕಪಕ್ಕದಲ್ಲಿರಲಿ.